ಅಹವಾಲಿನಿಂದ ಅಧಿಕಾರಕ್ಕೆ: ಹಳೆ ಮೈಸೂರಿನ ತಾಲ್ಲೂಕು ರಾಜಕಾರಣಿ

ಮೈಸೂರು ಸಂಸ್ಥಾನದ ತಾಲ್ಲೂಕು ರಾಜಕಾರಣಿ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಕೇಳುವ ಕೆಲಸ. ಕೆರೆ ಏರಿ ಒಡೆದಿದೆ, ದುರಸ್ತಿಯಾಗಬೇಕು. ಮಳೆ ಕೈಕೊಟ್ಟಿದೆ, ಕಂದಾಯದ ವಾಯಿದೆ ಮುಂದಕ್ಕೆ ಹೋಗಬೇಕು. ಗೋಮಾಳ ಕರಗುತ್ತಿದೆ, ದನಗಳಿಗೆ ಜಾಗ ಉಳಿಯಬೇಕು. ಕೇಳುವವನು ಪ್ರಜಾಪ್ರತಿನಿಧಿ, ಕೊಡುವವರು ಅಥವಾ ಕೊಡದೆ ಇರುವವರು ದಿವಾನರು. ಇದೇ ರಾಜಕಾರಣಿ 1947ರ ನಂತರ ಶಾಸಕನಾಗಿ, ಕೆಲವೊಮ್ಮೆ ಮಂತ್ರಿಯಾಗಿ ಕೊಡುವವರ ಕಡೆಗೆ ದಾಟಿದ. ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಈ ದಾಟುವಿಕೆಯನ್ನು ಗಮನಿಸಲು ಒಳ್ಳೆಯ ನೆಲ. ನಾಲ್ಕೂ ಅಕ್ಕಪಕ್ಕದಲ್ಲಿದ್ದರೂ ನೀರಿನ ವಿಚಾರದಲ್ಲಿ ನಾಲ್ಕಕ್ಕೂ ನಾಲ್ಕು ಬಗೆಯ ಹಣೆಬರಹ. ಇಲ್ಲಿನ ರಾಜಕೀಯ ಬೆಳೆದದ್ದು ಬಹುಮಟ್ಟಿಗೆ ನೀರಿನ ಜಾಡಿನಲ್ಲೇ.

ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು 1881ರಲ್ಲಿ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರರ ಆಡಳಿತ ಮುಗಿದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದ ವರ್ಷವದು. ದಿವಾನ್ ಸಿ.ವಿ. ರಂಗಾಚಾರ್ಲು ಆ ಅಕ್ಟೋಬರ್‌ನಲ್ಲಿ, ದಸರಾ ಸಂದರ್ಭದಲ್ಲಿ, 144 ಮಂದಿಯನ್ನು ಮೈಸೂರಿಗೆ ಕರೆಸಿ ಸರ್ಕಾರದ ಧೋರಣೆಯನ್ನು ವಿವರಿಸಿದರು. ಭಾರತದ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ಬಂದವರಲ್ಲಿ ಹೆಚ್ಚಿನವರು ತಾಲ್ಲೂಕುಗಳ ಜಮೀನುದಾರರು, ಉಳಿದವರು ವರ್ತಕರು. ಆರಂಭದಲ್ಲಿ ಇವರ ಹೆಸರನ್ನು ಸೂಚಿಸುತ್ತಿದ್ದದ್ದು ಸ್ಥಳೀಯ ನಿಧಿಯ ಮಂಡಲಿಗಳು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಚುನಾವಣೆ ಎಂಬ ಪದ್ಧತಿ ಬಂತು. ಆದರೆ ಮತ ಹಾಕಲೂ ನಿಲ್ಲಲೂ ಇಂತಿಷ್ಟು ಕಂದಾಯ ಕಟ್ಟುವವನಾಗಿರಬೇಕು, ಇಲ್ಲವೇ ಪದವೀಧರನಾಗಿರಬೇಕು ಎಂಬ ಷರತ್ತಿತ್ತು. ಒಂದೆರಡು ಎಕರೆಯ ರೈತ, ಗೇಣಿದಾರ, ಕೂಲಿಯವನು, ಹೊಲಗೇರಿಯವರು, ಹೆಂಗಸರು ಇವರಲ್ಲಿ ಯಾರೂ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪ್ರಜೆಗಳ ಪ್ರತಿನಿಧಿ ಎಂಬ ದೊಡ್ಡ ಹೆಸರಿನ ಹಿಂದೆ ಇದ್ದವರು ಊರಿನ ದೊಡ್ಡ ಮನೆಯವರು.

ಈ ದೊಡ್ಡ ಮನೆಯವರ ಏಣಿಯ ಮೆಟ್ಟಿಲುಗಳು ಹೆಚ್ಚುಕಡಿಮೆ ಎಲ್ಲ ತಾಲ್ಲೂಕಿನಲ್ಲೂ ಒಂದೇ. ಮನೆತನಕ್ಕೆ ಪಟೇಲಿಕೆಯೋ ಶಾನುಭೋಗಿಕೆಯೋ ಇರುತ್ತಿತ್ತು. ಅಮಲ್ದಾರರು ಬಂದಾಗ ಇಳಿದುಕೊಳ್ಳುತ್ತಿದ್ದದ್ದು ಅವರ ಜಗುಲಿಯಲ್ಲಿ. ಪಟ್ಟಣದಲ್ಲಿ ಪುರಸಭೆ, ಹಳ್ಳಿಗಾಡಿನಲ್ಲಿ ತಾಲ್ಲೂಕು ಬೋರ್ಡು, ಆಮೇಲೆ ಜಿಲ್ಲಾ ಬೋರ್ಡು, ಅಲ್ಲಿಂದ ಪ್ರಜಾಪ್ರತಿನಿಧಿ ಸಭೆ. ವಕೀಲಿ ಓದಿದ್ದರೆ, ಇಂಗ್ಲಿಷ್ ಬರುತ್ತಿದ್ದರೆ ಇನ್ನೂ ಮೇಲಿನ ನ್ಯಾಯವಿಧಾಯಕ ಸಭೆ. ಈ ಎರಡನೆಯ ಸಭೆ ಸ್ಥಾಪನೆಯಾದದ್ದು 1907ರಲ್ಲಿ, ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ. ಹಳ್ಳಿಯ ದೊಡ್ಡ ಮನೆತನಗಳ ಒಳಬದುಕನ್ನು ತಿಳಿಯಬಯಸುವವರು ಸಭಾ ನಡವಳಿಗಳ ಜೊತೆಗೆ ಸಾಹಿತ್ಯವನ್ನೂ ನೋಡಬೇಕು. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ‘ದೊಡ್ಡಮನೆ’ ಎಂಬ ಹೆಸರಿನಲ್ಲೇ ಕಾದಂಬರಿ ಬರೆದರು.

ಸಭೆ ಸೇರುತ್ತಿದ್ದದ್ದು ದಸರೆಯಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆಯವ್ಯಯದ ಚರ್ಚೆಗೆಂದು ಮಹಾರಾಜರ ವರ್ಧಂತಿಯ ಹೊತ್ತಿನ ಇನ್ನೊಂದು ಅಧಿವೇಶನವೂ ಸೇರಿತು. ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ದಿವಾನರು ವರ್ಷದ ಮಳೆ ಬೆಳೆ, ಆದಾಯ ವೆಚ್ಚ, ರೈಲು ರಸ್ತೆಗಳ ವರದಿ ಓದುತ್ತಿದ್ದರು. ನಂತರ ಸದಸ್ಯರ ಅಹವಾಲು. ರೇಷ್ಮೆಯ ರುಮಾಲು, ಉದ್ದನೆಯ ಕೋಟು, ಜರತಾರಿ ಅಂಗವಸ್ತ್ರದಲ್ಲಿ ಕುಳಿತ ಈ ಮಂದಿ ತಮ್ಮ ತಾಲ್ಲೂಕಿನ ಒಂದು ಸೇತುವೆಗೆ, ಒಂದು ಆಸ್ಪತ್ರೆಗೆ, ಒಂದು ಮಾಧ್ಯಮಿಕ ಶಾಲೆಗೆ ವರ್ಷವರ್ಷವೂ ಅದೇ ಮಾತನ್ನು ಎತ್ತುತ್ತಿದ್ದರು. ಸಭೆಗೆ ಕಾನೂನು ಮಾಡುವ ಅಧಿಕಾರವಿಲ್ಲ, ತೆರಿಗೆ ತಡೆಯುವ ಅಧಿಕಾರವಿಲ್ಲ, ದಿವಾನರನ್ನು ಇಳಿಸುವ ಮಾತು ದೂರವೇ ಉಳಿಯಿತು. ಹಾಗೆಂದು ಅದನ್ನು ಬರೀ ದರ್ಬಾರಿನ ಅಲಂಕಾರ ಎಂದು ತಳ್ಳಿಹಾಕುವುದೂ ಸರಿಯಲ್ಲ. ಅಮಲ್ದಾರನ ಮೇಲೆ ದೂರಿದ್ದರೆ ಅದನ್ನು ದಿವಾನರ ಎದುರಿಗೇ, ಹತ್ತು ಜನರ ಮುಂದೆ ಹೇಳುವ ಜಾಗ ಅದೊಂದೇ ಆಗಿತ್ತು. ಅಹವಾಲು ಮುದ್ರಿತ ನಡವಳಿಯಲ್ಲಿ ಸೇರಿತೆಂದರೆ ಕಚೇರಿ ಉತ್ತರ ಕೊಡಲೇಬೇಕಿತ್ತು.

ಇದೇ ಕಾಲದ ಅಮೆರಿಕದ ರಾಜ್ಯಮಟ್ಟದ ರಾಜಕಾರಣಿಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿಯೂ ರಾಜ್ಯದ ಶಾಸನಸಭೆಗೆ ಬರುತ್ತಿದ್ದವರು ಬಹುಪಾಲು ವಕೀಲರು, ರೈತರು, ಅಂಗಡಿಯವರು. ಆದರೆ 1913ರ ಸಂವಿಧಾನ ತಿದ್ದುಪಡಿ ಬರುವ ತನಕ ದೇಶದ ಸೆನೆಟ್ ಸದಸ್ಯರನ್ನು ಆರಿಸುತ್ತಿದ್ದವರೇ ಅವರು. ವಿಸ್ಕಾನ್ಸಿನ್ ರಾಜ್ಯದಲ್ಲಿ 1901ರಿಂದ 1906ರವರೆಗೆ ಗವರ್ನರ್ ಆಗಿದ್ದ ರಾಬರ್ಟ್ ಲಾ ಫಾಲೆಟ್ ರೈಲ್ವೆ ಕಂಪನಿಗಳನ್ನು ತೆರಿಗೆ ಮತ್ತು ನಿಯಂತ್ರಣದ ಬಿಗಿಗೆ ತಂದರು. ಮೈಸೂರಿನ ಪ್ರಜಾಪ್ರತಿನಿಧಿಗೆ ರೈಲು ತಮ್ಮೂರ ಸ್ಟೇಷನ್ನಿನಲ್ಲಿ ನಿಲ್ಲಲಿ ಎಂದು ಬೇಡುವಷ್ಟು ಮಾತ್ರ ಅವಕಾಶ. ದೂರದ ಅಮೆರಿಕವೇಕೆ, ನೆರೆಯ ಮದರಾಸಿನಲ್ಲಿ 1920ರಲ್ಲೇ ಜಸ್ಟಿಸ್ ಪಕ್ಷದ ಚುನಾಯಿತರು ಮಂತ್ರಿಗಳಾಗಿ ಕೆಲವು ಇಲಾಖೆಗಳನ್ನು ಕೈಗೆ ತೆಗೆದುಕೊಂಡಿದ್ದರು. ಆಡಳಿತದಲ್ಲಿ ಮುಂದು ಎಂದು ಹೆಸರಾದ ಮೈಸೂರು ಈ ಒಂದು ವಿಷಯದಲ್ಲಿ ಬ್ರಿಟಿಷ್ ಭಾರತಕ್ಕಿಂತ ಹಿಂದೆ ಉಳಿಯಿತು.

ಪಕ್ಷ ಎಂಬುದು ಮೈಸೂರಿಗೆ ಬಂದದ್ದು ಸರ್ಕಾರಿ ನೌಕರಿಯ ಪ್ರಶ್ನೆಯಿಂದ. 1905ರ ಹೊತ್ತಿಗೆ ವೀರಶೈವರು, 1906ರಲ್ಲಿ ಒಕ್ಕಲಿಗರು ತಮ್ಮ ತಮ್ಮ ಸಂಘ ಕಟ್ಟಿಕೊಂಡು ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನಗಳ ಕೆಲಸಕ್ಕೆ ತೊಡಗಿದ್ದರು. 1917ರಲ್ಲಿ ಸಿ.ಆರ್. ರೆಡ್ಡಿ, ಎಂ. ಬಸವಯ್ಯ ಮೊದಲಾದವರು ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿದರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ ನೌಕರಿಗಳಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು ಹೇಳಿದರು. ಅದೇ 1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಈ ಎಲ್ಲ ಗದ್ದಲ ನಡೆದದ್ದು ಮೈಸೂರು, ಬೆಂಗಳೂರು ನಗರಗಳಲ್ಲಿ. ಕೃಷ್ಣರಾಜಪೇಟೆಯ ಸಂತೆಯಲ್ಲೋ ನಾಗಮಂಗಲದ ಕಂಚುಗಾರರ ಬೀದಿಯಲ್ಲೋ ಇದರ ಸದ್ದು ಹೆಚ್ಚು ಕೇಳಿಸಿರಲಾರದು. ಮೈಸೂರಿನ 1917ರಿಂದ 1955ರವರೆಗಿನ ರಾಜಕೀಯ ಬದಲಾವಣೆಯ ಬಗ್ಗೆ ಪುಸ್ತಕ ಬರೆದ ಜೇಮ್ಸ್ ಮೇನರ್, ನಗರದ ರಾಜಕೀಯ ಮತ್ತು ಹಳ್ಳಿಯ ಅಧಿಕಾರ ಬಹುಕಾಲ ಬೇರೆಬೇರೆ ಲೋಕಗಳಾಗಿಯೇ ಉಳಿದಿದ್ದವು ಎಂದು ತೋರಿಸಿದ್ದಾರೆ. ಈ ಮಾತು ಒಟ್ಟು ಸಂಸ್ಥಾನಕ್ಕೆ ಒಪ್ಪುತ್ತದೆ. ಆದರೆ ಕಾವೇರಿ ಎಡದಂಡೆಯ ಹಳ್ಳಿಗಳ ಮಟ್ಟಿಗೆ ಗೋಡೆ ಕೊಂಚ ಬೇಗ ಬಿರುಕು ಬಿಟ್ಟಿತು ಎನ್ನಬೇಕು.

1923ರ ಸುಧಾರಣೆ ಸಭೆಗೆ ಶಾಸನದ ಬಲ ಕೊಟ್ಟಿತು. ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ವರದಿಯಂತೆ ಪ್ರಜಾಪ್ರತಿನಿಧಿ ಸಭೆಯ ಸದಸ್ಯರ ಸಂಖ್ಯೆ 250ಕ್ಕೆ, ನ್ಯಾಯವಿಧಾಯಕ ಸಭೆಯದು 50ಕ್ಕೆ ಏರಿತು. ಹೊಸ ತೆರಿಗೆ ಹಾಕುವ ಮೊದಲು ಸಭೆಯನ್ನು ಕೇಳಬೇಕು ಎಂಬ ನಿಯಮ ಬಂತು, ಆಸ್ತಿಯುಳ್ಳ ಸ್ತ್ರೀಯರಿಗೂ ಮತ ಸಿಕ್ಕಿತು. ಎರಡೂ ಸಭೆಗಳ ಅಧ್ಯಕ್ಷ ಪೀಠದಲ್ಲಿ ಮಾತ್ರ ದಿವಾನರೇ ಮುಂದುವರಿದರು.

ಅಷ್ಟರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಏಳುತ್ತಿತ್ತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ ಮದರಾಸು ಸರ್ಕಾರದೊಡನೆ ತಕರಾರಿಗೆ ಸಿಕ್ಕಿ, 1924ರ ಒಪ್ಪಂದದ ನಂತರ ಪೂರ್ತಿ ಎತ್ತರಕ್ಕೆ ಹೋಯಿತು. ಹಿನ್ನೀರು ಹಳೆಯ ಕನ್ನಂಬಾಡಿಯನ್ನೂ ಸುತ್ತಲಿನ ಹಳ್ಳಿಗಳನ್ನೂ ನುಂಗಿತು. ಜಮೀನು ಕಳೆದುಕೊಂಡವರ ಪರಿಹಾರ, ಹೊಸ ಊರುಗಳ ನಿವೇಶನ ಇವು ಹೊಸ ಬಗೆಯ ಅಹವಾಲುಗಳಾದವು. ಶ್ರೀರಂಗಪಟ್ಟಣದ ಸುತ್ತಿನವರಿಗೆ ನಾಲೆ ಹೊಸದೇನೂ ಆಗಿರಲಿಲ್ಲ. ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜಸಾಗರ ನಾಲೆ ಒಡೆಯರ ಕಾಲದಿಂದ ಗದ್ದೆಗಳಿಗೆ ನೀರುಣಿಸುತ್ತಿದ್ದವು. ಹೊಸದಾಗಿ ಬಂದದ್ದು ಎಡದಂಡೆಯ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ. ಆಗ ಫ್ರೆಂಚ್ ರಾಕ್ಸ್ ಎಂದೂ ಹಿರೋಡೆ ಎಂದೂ ಕರೆಸಿಕೊಳ್ಳುತ್ತಿದ್ದ ಪಾಂಡವಪುರದ ಬಯಲನ್ನು ಹಾದು, ಹುಲಿಕೆರೆಯ ಸುರಂಗ ದಾಟಿ ಅದು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಹರಿಯಿತು. ನೀರು ಬಿಟ್ಟ ಕಾಲದಲ್ಲೇ ಜಗತ್ತಿನ ಆರ್ಥಿಕ ಕುಸಿತ ಹಳ್ಳಿಗೂ ತಲುಪಿತು. ರಾಗಿ, ಭತ್ತ, ಬೆಲ್ಲದ ಬೆಲೆ ಬಿದ್ದವು.

ಸರ್ಕಾರಕ್ಕೆ ಸಾಲ ಮಾಡಿ ಕಟ್ಟಿದ ನಾಲೆಯಿಂದ ಹಣ ಮರಳಿ ಬರಬೇಕಿತ್ತು. ನೀರಿನ ತೆರಿಗೆಯ ಜೊತೆಗೆ, ಜಮೀನಿನ ಬೆಲೆ ಏರಿತೆಂಬ ಕಾರಣಕ್ಕೆ ರೈತ ವಂತಿಗೆಯನ್ನೂ ಕಟ್ಟಬೇಕು ಎಂದಾಯಿತು. ಮೇಲೆ ಬ್ಲಾಕ್ ಪದ್ಧತಿ: ಒಂದು ಪಾಲಿನಲ್ಲಿ ಕಬ್ಬು, ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಅರೆಖುಷ್ಕಿ ಬೆಳೆ, ವರ್ಷವರ್ಷವೂ ಸರದಿ. ವಿಶ್ವೇಶ್ವರಯ್ಯನವರ ಈ ಲೆಕ್ಕಾಚಾರ ಎಂಜಿನಿಯರನ ಕಣ್ಣಿಗೆ ಸುಂದರ, ಒಂದೇ ಕಡೆ ಮೂರು ಎಕರೆ ಇರುವವನಿಗೆ ನಡೆಸಲೂಬಹುದು. ಅಣ್ಣತಮ್ಮಂದಿರ ಪಾಲಾಗಿ ಹತ್ತು ಕಡೆ ಹರಿದು ಹಂಚಿದ ತುಂಡುಗಳ ಒಡೆಯನಿಗೆ ಅದು ತಲೆನೋವು. ಯಾವ ವರ್ಷ ಯಾವ ಹೊಲದಲ್ಲಿ ಏನು ಹಾಕಬೇಕೆಂದು ನೀರಾವರಿ ಇಲಾಖೆಯವರು ಹೇಳುವುದು, ತಪ್ಪಿದರೆ ದಂಡ ಹಾಕುವುದು, ಇದನ್ನು ಪಟೇಲನೂ ಕೂಲಿಯವನೂ ಒಂದೇ ಸಮನೆ ದ್ವೇಷಿಸಿದರು. ಇದರ ಜೊತೆಗೆ ನಾಲೆ ಬಯಲಿಗೆ ಮಲೇರಿಯ ಬಂತು. ರೋಗದ ಹತೋಟಿಗೆ ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆಯಬೇಕಾಯಿತು.

1931-32ರ ಸುಮಾರಿಗೆ ಇರ್ವಿನ್ ನಾಲೆಯ ರೈತರು ಚಳವಳಿಗೆ ಇಳಿದರು. ಸಾವಿರಾರು ಮಂದಿ ಬೆಂಗಳೂರಿಗೆ ನಡೆದು ಹೋಗಿ ತಮ್ಮ ಸಂಕಟವನ್ನು ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರದ ಮುಂದಿಟ್ಟರು. ಮದ್ದೂರು ಕಡೆಯ ಎಚ್.ಕೆ. ವೀರಣ್ಣಗೌಡರು ಈ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾಗಿ ಹೆಸರು ಮಾಡಿದರು. ಸಂಸ್ಥಾನದ ರಾಜಕೀಯದಲ್ಲಿ ಇದೊಂದು ತಿರುವು. ಅಲ್ಲಿಯವರೆಗೆ ಪ್ರತಿನಿಧಿ ಊರಿನವರ ಪರವಾಗಿ ಒಬ್ಬನೇ ಮೈಸೂರಿಗೆ ಹೋಗಿ ಕೇಳಿಬರುತ್ತಿದ್ದ. ಈಗ ಊರೇ ಎದ್ದು ಹೊರಟಿತ್ತು. ಅದೇ ಜಮೀನುದಾರ, ಅದೇ ದೊಡ್ಡ ಮನೆ, ಕೇಳಿದ್ದೂ ಅದೇ ಕಂದಾಯದ ರಿಯಾಯಿತಿ. ಆದರೆ ಹಿಂದೆ ಜನ ನಿಂತಾಗ ದನಿ ಬೇರೆಯೇ ಆಗುತ್ತದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರ ಶ್ರಮವಿತ್ತು, ವಿದೇಶಿ ಸಕ್ಕರೆಯ ಮೇಲೆ ಭಾರತ ಸರ್ಕಾರ ಹಾಕಿದ ರಕ್ಷಣಾ ಸುಂಕವೂ ಅನುಕೂಲಕ್ಕೆ ಬಂತು. ಆಲೆಮನೆಯ ಬೆಲ್ಲಕ್ಕೆ ಪರ್ಯಾಯವಾಗಿ ಕಾರ್ಖಾನೆ ಸಿಕ್ಕಿದ್ದರಿಂದ ರೈತರ ಕೈಯಲ್ಲಿ ಕಾಸು ಆಡಿತು. ಕಬ್ಬಿನ ಬೆಲೆ ಎಷ್ಟು, ತೂಕದಲ್ಲಿ ಮೋಸವೇಕೆ, ಬಟವಾಡೆ ಯಾವಾಗ ಎಂಬ ಪ್ರಶ್ನೆಗಳು ಅಂದಿನಿಂದ ಇಂದಿನವರೆಗೆ ಈ ಸೀಮೆಯ ರಾಜಕಾರಣಿಯನ್ನು ಬಿಟ್ಟಿಲ್ಲ.

ನಾಲೆ ಮುಟ್ಟದ ಕಡೆ ಕಥೆ ಬೇರೆ. ಕೃಷ್ಣರಾಜಪೇಟೆಗೆ, ಹಿಂದಿನ ಅತ್ತಿಕುಪ್ಪೆಗೆ, ಹೇಮಾವತಿಯ ಹಳೆಯ ಅಣೆಕಟ್ಟೆಗಳಿದ್ದವು. ಹೇಮಗಿರಿ, ಮಂದಗೆರೆಗಳ ಆಸುಪಾಸು ಹಸಿರಾಗಿದ್ದರೆ ಉಳಿದದ್ದು ಕೆರೆ ಮತ್ತು ಮಳೆಯ ಪಾಲು. ನಾಗಮಂಗಲ ಪೂರ್ತಿ ರಾಗಿ, ಹುರುಳಿ, ಕುರಿಯ ಸೀಮೆ. ಕನ್ನಂಬಾಡಿ ಕಟ್ಟೆ ಕಣ್ಣಳತೆಯಲ್ಲಿದ್ದೂ ಹನಿ ನೀರು ಸಿಗದ ಹಳ್ಳಿಗಳಿಗೆ ಗೋರೂರಿನ ಹೇಮಾವತಿ ಜಲಾಶಯ ಮುಗಿಯುವವರೆಗೆ, ಅಂದರೆ 1970ರ ದಶಕದ ಕೊನೆಯವರೆಗೆ, ಕಾಯಬೇಕಾಯಿತು. ಒಣ ಊರಿನವರು ರಾಜಕೀಯದಲ್ಲಿ ಹಿಂದೆ ಬಿದ್ದರೆಂದು ಇದರಿಂದ ತೀರ್ಮಾನಿಸುವಂತಿಲ್ಲ. 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವಕ್ಕೆ ವಂಗಲ, ದಲೇನ ಎಂಬ ಮಾರುಹೆಸರಿಟ್ಟರು. 1962ರಲ್ಲಿ ಬಂದ ಅವರ ಪುಸ್ತಕದ ತಿರುಳು ಸ್ವಾರಸ್ಯಕರ. ನೀರು ಬಂದ ವಂಗಲ ಹಳೆಯ ಬೇಸಾಯದ ಕಟ್ಟುಪಾಡುಗಳೊಳಗೇ ಶ್ರೀಮಂತವಾಯಿತು. ನೀರು ಸಿಗದ ದಲೇನದವರು ಗಾಡಿ ಬಾಡಿಗೆ, ವ್ಯಾಪಾರ, ಕಾರ್ಖಾನೆಯ ಕೆಲಸ, ಊರಾಚೆಯ ರಾಜಕೀಯ ಎಂದು ಹೊರಗೆ ಕೈಚಾಚಿದರು, ಹಾಗಾಗಿ ಹಳೆಯ ಕಟ್ಟುಪಾಡು ಅಲ್ಲೇ ಬೇಗ ಸಡಿಲಾಯಿತು. ಎರಡು ಊರಿನಿಂದ ಇಡೀ ಜಿಲ್ಲೆಯನ್ನು ಅಳೆಯುವುದು ಹೆಚ್ಚಾದೀತು. ಆದರೂ ನಾಗಮಂಗಲದಂಥ ತಾಲ್ಲೂಕಿನ ಜನ ಬೆಂಗಳೂರಿಗೆ ಗುಳೆ ಹೋಗಿ, ಓದಿ, ವ್ಯಾಪಾರಕ್ಕೆ ಇಳಿದು ಆಮೇಲೆ ರಾಜಕೀಯಕ್ಕೆ ಬಂದ ಬಗೆಯನ್ನು ನೋಡಿದರೆ ಎಪ್‌ಸ್ಟೀನ್ ಮಾತಿಗೆ ತೂಕವಿದೆ.

ಕೇಳುವ ರಾಜಕೀಯದಿಂದ ಧಿಕ್ಕರಿಸುವ ರಾಜಕೀಯಕ್ಕೆ ಹೆಜ್ಜೆಯಿಟ್ಟದ್ದು 1937-38ರಲ್ಲಿ. ಪ್ರಜಾಮಿತ್ರ ಮಂಡಲಿಯ ಪರಂಪರೆಯವರೂ ಪ್ರಜಾಪಕ್ಷ ಎಂಬ ಇನ್ನೊಂದು ಗುಂಪಿನವರೂ 1934ರಲ್ಲಿ ಪ್ರಜಾಸಂಯುಕ್ತ ಪಕ್ಷವಾಗಿ ಕೂಡಿಕೊಂಡಿದ್ದರು. 1937ರಲ್ಲಿ ಅದು ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಈ ವಿಲೀನದ ಅರ್ಥ ದೊಡ್ಡದು. ಅಲ್ಲಿಯವರೆಗೆ ಬಹುಮಟ್ಟಿಗೆ ನಗರದ ಬ್ರಾಹ್ಮಣ ವಕೀಲರ ಸಂಸ್ಥೆಯಂತಿದ್ದ ಕಾಂಗ್ರೆಸ್ಸಿಗೆ ಹಳ್ಳಿಯ ಒಕ್ಕಲಿಗ, ಲಿಂಗಾಯತ ಮುಖಂಡರು ಬಂದರು. ಕೆ.ಸಿ. ರೆಡ್ಡಿಯವರಂಥವರು ಈ ದಾರಿಯಿಂದಲೇ ಬಂದವರು. 1938ರ ಏಪ್ರಿಲ್ 11ರಂದು ಮದ್ದೂರಿನ ಪಕ್ಕದ ಶಿವಪುರದಲ್ಲಿ, ಶಿಂಷಾ ನದಿಯ ದಂಡೆಯಲ್ಲಿ, ನಿಷೇಧಾಜ್ಞೆಯನ್ನು ಮೀರಿ ಟಿ. ಸಿದ್ದಲಿಂಗಯ್ಯನವರ ನಾಯಕತ್ವದಲ್ಲಿ ಧ್ವಜ ಹಾರಿಸಲಾಯಿತು. ಸುತ್ತಲ ತಾಲ್ಲೂಕುಗಳಿಂದ ಗಾಡಿ ಕಟ್ಟಿಕೊಂಡು ಬಂದ ರೈತರೇ ಅಲ್ಲಿನ ಬಲ, ನಾಲೆ ಚಳವಳಿಯಲ್ಲಿ ನಡೆದು ಪಳಗಿದ ಕಾಲುಗಳವು. ಅದೇ ತಿಂಗಳ 25ರಂದು ವಿದುರಾಶ್ವತ್ಥ ಎಂಬ ಊರಿನಲ್ಲಿ ಚಳವಳಿಗಾರರ ಮೇಲೆ ಗೋಲಿಬಾರಾಯಿತು. ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲ್ ಮತ್ತು ಮಿರ್ಜಾ ನಡುವಿನ ಒಪ್ಪಂದದ ಮೂಲಕ ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿ ರಾಷ್ಟ್ರಧ್ವಜದ ಜಗಳ ಇತ್ಯರ್ಥವಾಯಿತು.

ಅಲ್ಲಿಂದ ರಾಜಕಾರಣಿಯ ಯೋಗ್ಯತೆಯ ಅಳತೆಗೋಲೇ ಬದಲಾಯಿತು. ಕಟ್ಟುವ ಕಂದಾಯದ ಜಾಗಕ್ಕೆ ಕಂಡ ಜೈಲು ಬಂತು, ಜರತಾರಿ ರುಮಾಲಿನ ಜಾಗಕ್ಕೆ ಖಾದಿ ಟೋಪಿ. ಮನೆತನ ಮಾತ್ರ ಬಹುಮಟ್ಟಿಗೆ ಅದೇ ಉಳಿಯಿತು ಎಂಬುದನ್ನು ಸ್ವಾತಂತ್ರ್ಯ ಹೋರಾಟದ ಚರಿತ್ರೆಗಳು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಏಳು ತಾಲ್ಲೂಕುಗಳನ್ನು ಬಿಡಿಸಿ ಮಂಡ್ಯ ಜಿಲ್ಲೆ ಮಾಡಲಾಯಿತು. ಇದು ಆಡಳಿತದ ಅನುಕೂಲಕ್ಕೆ ಆದದ್ದಾದರೂ ಪರಿಣಾಮ ರಾಜಕೀಯದ್ದು. ಮೈಸೂರು ನಗರದ ವಕೀಲರ ನೆರಳಿನಿಂದ ಹೊರಬಂದ ತಾಲ್ಲೂಕು ಮುಖಂಡರಿಗೆ ಸ್ವಂತದ್ದೊಂದು ಜಿಲ್ಲಾ ಬೋರ್ಡು, ಸ್ವಂತದ್ದೊಂದು ಜಿಲ್ಲಾ ಕಾಂಗ್ರೆಸ್ ಸಿಕ್ಕಿತು. ಶ್ರೀರಂಗಪಟ್ಟಣಕ್ಕೆ ಮಾತ್ರ ಇದು ನುಂಗಲಾರದ ತುತ್ತಾಗಿದ್ದರೆ ಆಶ್ಚರ್ಯವಿಲ್ಲ. 1799ರವರೆಗೆ ರಾಜಧಾನಿಯಾಗಿದ್ದ ಊರು, ನಾಲೆ ಬರುವ ಮೊದಲು ಸಾಧಾರಣ ಪೇಟೆಯಾಗಿದ್ದ ಮಂಡ್ಯದ ಕೈಕೆಳಗಿನ ತಾಲ್ಲೂಕು ಕೇಂದ್ರವಾಯಿತು.

1940ರ ಕಾಯಿದೆ ಪ್ರಜಾಪ್ರತಿನಿಧಿ ಸಭೆಯನ್ನು 310 ಸದಸ್ಯರಿಗೆ ಹಿಗ್ಗಿಸಿತು. ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಆ ಹಿಗ್ಗುವಿಕೆ ಉತ್ತರವಾಗಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ತಡಮಾಡಿದಾಗ 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ನಡೆಯಿತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅರುವತ್ತೆಂಟು ವರ್ಷ ಅಹವಾಲು ಕೇಳಿದ ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಕೊನೆಗೊಂಡಿತು.

1952ರ ಚುನಾವಣೆಯಲ್ಲಿ ಮೊದಲ ಬಾರಿಗೆ ಎಲ್ಲ ವಯಸ್ಕರೂ ಮತ ಹಾಕಿದರು. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಭಾರಿ ಬಹುಮತ ಬಂದು ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. 1954ರ ಇನಾಂ ರದ್ದತಿ ಕಾನೂನು ಮೇಲುಕೋಟೆ, ಶ್ರೀರಂಗಪಟ್ಟಣದಂಥ ಇನಾಂ ಹಳ್ಳಿಗಳ ಸೀಮೆಯಲ್ಲಿ ದೊಡ್ಡ ಸುದ್ದಿ. ನಾಲೆಯ ಕಾಲದಲ್ಲಿ ಬೆಳೆದ ನಾಯಕರಿಗೆ ಇದು ಸುಗ್ಗಿಯ ದಶಕ. ಆದರೆ ಜೈಲಿನ ಬಿರುದು ಬಹುಕಾಲ ಸಾಗಲಿಲ್ಲ. 1962ರಲ್ಲಿ ಮದ್ದೂರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ಪರವಾಗಿ ಜವಾಹರಲಾಲ್ ನೆಹರೂ ಅವರೇ ಬಂದು ಪ್ರಚಾರ ಮಾಡಿದರೂ, ಅಮೆರಿಕದಲ್ಲಿ ಓದಿ ಬಂದಿದ್ದ ಪಕ್ಷೇತರ ಯುವಕನೊಬ್ಬ ಗೆದ್ದ. ಆತನೇ ಎಸ್.ಎಂ. ಕೃಷ್ಣ, 1999ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದವರು.

ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಮುಖ್ಯಮಂತ್ರಿಗಳಾದ ಇಬ್ಬರೂ ಹೊರಗೆ ಹೋಗಿ ಆದವರು ಎಂಬುದು ಗಮನಾರ್ಹ. 1943ರಲ್ಲಿ ಕೃಷ್ಣರಾಜಪೇಟೆಯ ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ ರಾಜಕೀಯವಾಗಿ ಬೆಳೆದದ್ದು ಶಿವಮೊಗ್ಗದ ಶಿಕಾರಿಪುರದಲ್ಲಿ. 1948ರಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಆಳಿದ್ದು ತಮಿಳುನಾಡನ್ನು, ಅದೂ ಕಾವೇರಿಯ ವಿಚಾರದಲ್ಲಿ ಹುಟ್ಟಿದೂರಿನವರ ಎದುರು ನಿಂತು. ಊರಲ್ಲೇ ಉಳಿದವರು ಶಾಸಕ, ಸಂಸದ, ಮಂತ್ರಿಗಿರಿಯ ತನಕ ಹೋದರು. ಸರಳತೆಗೆ ಹೆಸರಾಗಿದ್ದ ಕೃಷ್ಣರಾಜಪೇಟೆಯ ಕೃಷ್ಣ ಅವರು ವಿಧಾನಸಭೆಯ ಅಧ್ಯಕ್ಷರಾದರು. ಹಳೆಯ ಸಭೆಯಲ್ಲಿ 1923ರವರೆಗೆ ಮತವೂ ಇಲ್ಲದಿದ್ದ ಹೆಂಗಸರಿಗೆ ಶ್ರೀರಂಗಪಟ್ಟಣ ಕ್ಷೇತ್ರ ಮತ್ತೆ ಮತ್ತೆ ಮಣೆ ಹಾಕಿತು. ದಮಯಂತಿ ಬೋರೇಗೌಡ, ಪಾರ್ವತಮ್ಮ ಶ್ರೀಕಂಠಯ್ಯ, ವಿಜಯಲಕ್ಷ್ಮಮ್ಮ ಬಂಡಿಸಿದ್ದೇಗೌಡ ಅಲ್ಲಿಂದ ಗೆದ್ದವರು. ಅವರು ಬಂದದ್ದೂ ರಾಜಕೀಯದಲ್ಲಿ ನೆಲೆಯೂರಿದ್ದ ಮನೆತನಗಳಿಂದ. ಮೀಸಲು ಕ್ಷೇತ್ರಗಳ ಆಚೆಗೆ ದಲಿತರಿಗೆ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ.

ಇರ್ವಿನ್ ನಾಲೆಯ ನಡಿಗೆಗೆ ನೇರ ವಾರಸುದಾರರು ಯಾರೆಂದು ಕೇಳಿದರೆ ಪಕ್ಷಗಳ ಕಡೆಗಿಂತ ಪಾಂಡವಪುರದ ರೈತ ಸಂಘದ ಕಡೆ ನೋಡಬೇಕು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ನೀರಿನ ಕರ, ಕಬ್ಬಿನ ಬಾಕಿ, ಸಾಲ ವಸೂಲಿಯ ಜಪ್ತಿಗಳನ್ನೇ ಹಿಡಿದು ಬೆಳೆಯಿತು. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದಲೂ, ಆ ಕ್ಷೇತ್ರ ಮೇಲುಕೋಟೆ ಎಂದಾದ ಮೇಲೆ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದಲೂ ಗೆದ್ದರು. ಹಸಿರು ಶಾಲು ಹೆಗಲಿಗೆ ಹಾಕಿಕೊಂಡು, ಹಳ್ಳಿಯ ಗಾದೆ ಮಾತು, ಕುಚೋದ್ಯಗಳಲ್ಲಿ ವಿಧಾನಸಭೆಯನ್ನು ನಗಿಸುತ್ತ ಚುಚ್ಚುತ್ತ ಅವರು ಎತ್ತುತ್ತಿದ್ದ ವಿಷಯಗಳನ್ನು ಜಗನ್ಮೋಹನ ಅರಮನೆಯ ಹಳೆಯ ನಡವಳಿಗಳ ಪಕ್ಕದಲ್ಲಿಟ್ಟರೆ ವಿಷಯದ ಪಟ್ಟಿ ಹೆಚ್ಚು ಬದಲಾಗಿಲ್ಲ, ಕೇಳುವ ಧಾಟಿ ಪೂರ್ತಿ ಬದಲಾಗಿದೆ. 2018ರ ಫೆಬ್ರವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಅವರು ತೀರಿಕೊಂಡರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಮಗ ದರ್ಶನ್ ಊರಿಗೆ ಮರಳಿ ಆ ವರ್ಷದ ಚುನಾವಣೆಯಲ್ಲಿ ನಿಂತು ಸೋತರು, 2023ರಲ್ಲಿ ಅದೇ ಮೇಲುಕೋಟೆ ಕ್ಷೇತ್ರದಿಂದ ಗೆದ್ದು ವಿಧಾನಸಭೆ ಸೇರಿದರು.